ಪೂರ್ವಪ್ರಯೋಗವನ್ನು ಹೂಡುವ ಬಗೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ, ಒಂದು ಅಗುಳು ಸಾಕು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮಾತು ನಿಜ. ಆದರೆ ಅದು ಏಕೆ ನಿಜವೆಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ಚೀಲದ್ದು. ನೀರು ಒಂದೇ, ಉರಿ ಒಂದೇ. ನಡುನಡುವೆ ಸೌಟಾಡಿಸಿದುದರಿಂದ ಮೇಲಿನದು ಕೆಳಗಿನದು ಎಂಬ ಭೇದವೂ ಅಷ್ಟಾಗಿ ಉಳಿದಿಲ್ಲ. ಆದುದರಿಂದ ಅಲ್ಲಿ ಒಂದು ಅಗುಳು ಉಳಿದೆಲ್ಲ ಅಗುಳುಗಳ ಪರವಾಗಿ ಸಾಕ್ಷಿ ನುಡಿಯಬಲ್ಲದು. ಪ್ರಕೃತಿಯಾದರೋ ಹೀಗೆ ಸೌಟಾಡಿಸಿದ ಪಾತ್ರೆಯಲ್ಲ. ಒಂದು ಮರದ ಕೆಳಗಿನ ನೆಲ ಪಕ್ಕದ ಮರದ ಕೆಳಗಿನ ನೆಲದಂತಿಲ್ಲ. ಈ ವರ್ಷದ ಮಳೆ ಹೋದ ವರ್ಷದ ಮಳೆಯಂತಿಲ್ಲ. ಅಲ್ಲಿ ಒಂದು ಅಗುಳನ್ನು ಹಿಸುಕಿ ತೀರ್ಪು ಹೇಳಹೊರಟವನು ಮೋಸಹೋಗುವುದು ಖಂಡಿತ.

ಸಂಶೋಧನೆಗೆ ಹೊಸದಾಗಿ ಕೈಹಾಕಿದವರು ದೊಡ್ಡ ಪ್ರಯೋಗಕ್ಕೆ ಮುಂಚೆ ಸಣ್ಣ ಪ್ರಮಾಣದಲ್ಲಿ ಒಂದನ್ನು ನಡೆಸಿ ನೋಡುವ ವಾಡಿಕೆಯುಂಟು. ಇದನ್ನು ಪೈಲಟ್ ಅಧ್ಯಯನವೆನ್ನುತ್ತಾರೆ. ನಾವು ಇಲ್ಲಿ ಪೂರ್ವಪ್ರಯೋಗವೆಂದು ಕರೆಯೋಣ. ಪೂರ್ವಪ್ರಯೋಗವೆಂದರೆ ದೊಡ್ಡ ಪ್ರಶ್ನೆಗೆ ಅಗ್ಗದಲ್ಲಿ ದೊರೆಯುವ ಚಿಕ್ಕ ಉತ್ತರವೆಂದು ಅನೇಕರ ಭಾವನೆ. ಇದು ಸರಿಯಲ್ಲ. ಮದುವೆಯ ಮುನ್ನಾದಿನ ಬರುವ ಅನುಭವಸ್ಥ ಅಡಿಗೆಯವನು ಮರುದಿನದ ಸಾರಿನ ರುಚಿ ನೋಡುವುದಿಲ್ಲ. ಸಾರು ಇನ್ನೂ ಆಗಿಯೇ ಇಲ್ಲವಷ್ಟೆ. ಅವನು ಒಲೆ ಹೊತ್ತುವುದೇ, ಸೌದೆ ಹಸಿಯೇ ಒಣಗಿದುದೇ, ಕೊಪ್ಪರಿಗೆ ಸೋರುವುದೇ, ನೀರು ಎಷ್ಟು ದೂರದಿಂದ ಬರಬೇಕು, ಬಡಿಸಲು ಎಷ್ಟು ಜನ ಬೇಕು ಎಂಬುದನ್ನು ನೋಡುತ್ತಾನೆ. ಒಳ್ಳೆಯ ಪೂರ್ವಪ್ರಯೋಗದ ಕೆಲಸವೂ ಇದೇ. ಅದು ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಆ ಪ್ರಶ್ನೆಯನ್ನು ನಮ್ಮ ಉಪಕರಣಗಳಿಂದ, ನಮಗಿರುವ ಕಾಲದಲ್ಲಿ, ನಮಗಿರುವ ಹಣದಲ್ಲಿ ಕೇಳಲು ಸಾಧ್ಯವೇ ಎಂಬುದನ್ನು ಹೇಳುತ್ತದೆ. ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ಇದರಿಂದಲೇ ಹೊರಡುತ್ತದೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಉತ್ತಮ ನಿದರ್ಶನವನ್ನು ಮೊದಲು ನೋಡೋಣ.

ಕೋಲಾರದ ಗಣಿಯೊಳಗೆ

ಆಕಾಶದ ಎಲ್ಲ ದಿಕ್ಕುಗಳಿಂದಲೂ ಭೂಮಿಯ ಮೇಲೆ ವಿಶ್ವಕಿರಣಗಳು ಸುರಿಯುತ್ತಿವೆ. ಇವು ವಾಯುಮಂಡಲದ ಮೇಲ್ಭಾಗದ ಪರಮಾಣುಗಳಿಗೆ ಅಪ್ಪಳಿಸಿದಾಗ ಬಗೆಬಗೆಯ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಎರಡು ನಮಗೆ ಇಲ್ಲಿ ಮುಖ್ಯವಾದುವು. ಒಂದು ಮ್ಯೂಆನ್, ಇದು ವಿದ್ಯುದಂಶವುಳ್ಳ ಕಣ. ಸಮುದ್ರಮಟ್ಟದಲ್ಲಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ನಿಮಿಷಕ್ಕೆ ಸುಮಾರು ಒಂದರಂತೆ ಮ್ಯೂಆನುಗಳು ಬೀಳುತ್ತಿರುತ್ತವೆ. ಇನ್ನೊಂದು ನ್ಯೂಟ್ರಿನೊ. ಇದಕ್ಕೆ ವಿದ್ಯುದಂಶವಿಲ್ಲ, ಇಡೀ ಭೂಮಿಯನ್ನೇ ತೂರಿಕೊಂಡು ಆಚೆ ಹೋದರೂ ಯಾವುದನ್ನೂ ತಾಕದೆ ಹೋಗುವುದೇ ಇದರ ಸ್ವಭಾವ. ಎಲ್ಲಿಯೋ ಅಪರೂಪಕ್ಕೆ ಒಂದು ನ್ಯೂಟ್ರಿನೊ ಬಂಡೆಯೊಳಗಿನ ಪರಮಾಣು ಬೀಜಕ್ಕೆ ತಗುಲಿ, ಅಲ್ಲಿ ಒಂದು ಮ್ಯೂಆನನ್ನು ಹುಟ್ಟಿಸಬಹುದು. ಆ ಮ್ಯೂಆನನ್ನು ಹಿಡಿದರೆ ನ್ಯೂಟ್ರಿನೊವಿನ ಸುಳಿವು ಸಿಕ್ಕಂತಾಯಿತು.

ಹಾಗಾದರೆ ತೊಡಕೇನು? ನ್ಯೂಟ್ರಿನೊ ಹುಟ್ಟಿಸಿದ ಮ್ಯೂಆನಿಗೂ ಆಕಾಶದಿಂದ ನೇರವಾಗಿ ಬಂದ ಮ್ಯೂಆನಿಗೂ ಮುಖದಲ್ಲಿ ಭೇದವಿಲ್ಲ. ನೆಲದ ಮೇಲೆ ಒಂದು ಚದರ ಮೀಟರಿನಷ್ಟು ಜಾಗದಲ್ಲಿ ದಿನವೊಂದಕ್ಕೆ ಬೀಳುವ ಮ್ಯೂಆನುಗಳ ಸಂಖ್ಯೆ 1 ಕೋಟಿ 40 ಲಕ್ಷಕ್ಕೂ ಮಿಕ್ಕಿದ್ದು. ನ್ಯೂಟ್ರಿನೊವಿನಿಂದ ಹುಟ್ಟಿದುವಾದರೆ ಹಲವು ಚದರ ಮೀಟರಿನ ಉಪಕರಣಕ್ಕೂ ವರ್ಷಕ್ಕೆ ಕೈಬೆರಳುಗಳಲ್ಲಿ ಎಣಿಸುವಷ್ಟು ಮಾತ್ರ. ಜಾತ್ರೆಯ ಗದ್ದಲದಲ್ಲಿ ಒಂದು ಪಿಸುಮಾತನ್ನು ಕೇಳಬೇಕಾದ ಸ್ಥಿತಿ ಇದು. ಗದ್ದಲವನ್ನು ಅಡಗಿಸುವ ಮಾರ್ಗವೊಂದೇ: ನೆಲದೊಳಗೆ ಇಳಿಯುವುದು. ಆಳಕ್ಕೆ ಹೋದಂತೆ ಬಂಡೆಯು ಆಕಾಶದ ಮ್ಯೂಆನುಗಳನ್ನು ತಡೆಯುತ್ತದೆ, ನ್ಯೂಟ್ರಿನೊಗಳನ್ನು ತಡೆಯುವುದಿಲ್ಲ. ಆದರೆ ಎಷ್ಟು ಆಳಕ್ಕೆ ಇಳಿದರೆ ಸಾಕು? ಈ ಪ್ರಶ್ನೆಗೆ ಉತ್ತರವಿಲ್ಲದೆ ನ್ಯೂಟ್ರಿನೊವನ್ನು ಹುಡುಕಹೊರಡುವುದು ವ್ಯರ್ಥ ಸಾಹಸವಾಗುತ್ತಿತ್ತು.

ಉತ್ತರ ಬಂದುದು ಕೋಲಾರದ ಚಿನ್ನದ ಗಣಿಗಳಿಂದ. 1925ರಲ್ಲಿ ನಂಜನಗೂಡಿನ ಬಳಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1948ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಹೋಮಿ ಭಾಭಾ ಅವರು ಈ ತರುಣನಿಗೆ ಒಪ್ಪಿಸಿದ ಕೆಲಸವೆಂದರೆ ಗಣಿಯೊಳಗೆ ಇಳಿದು, ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸುವುದು. 1951ರಲ್ಲಿ ಆರಂಭವಾದ ಈ ಕೆಲಸ ಆಗ ನ್ಯೂಟ್ರಿನೊವಿಗಾಗಿ ಹೂಡಿದುದಲ್ಲ. ತನ್ನಷ್ಟಕ್ಕೆ ತಾನೇ ಒಂದು ಸಂಶೋಧನೆ. ಆದರೆ ಗಣಿಯ ಸೆಕೆ ತೇವಗಳಲ್ಲಿ ಉಪಕರಣ ಹೇಗೆ ನಡೆಯುತ್ತದೆ, ಗಣಿಯ ಕೆಲಸಕ್ಕೆ ಅಡ್ಡಿಯಾಗದಂತೆ ವಿಜ್ಞಾನಿಗಳು ಹೇಗೆ ದುಡಿಯಬೇಕು ಎಂಬ ವಿದ್ಯೆಯೆಲ್ಲ ಅಲ್ಲಿ ಕೂಡಿಬಂದಿತು. ಇವು ಕಾಗದದ ಮೇಲಿನ ಲೆಕ್ಕದಿಂದ ತಿಳಿಯುವ ವಿಷಯಗಳಲ್ಲ.

ಮುಂದೆ 1960ರ ದಶಕದ ಮೊದಲ ವರ್ಷಗಳಲ್ಲಿ ಮಿಯಾಕೆ, ನರಸಿಂಹಂ ಮತ್ತು ರಮಣಮೂರ್ತಿ ಎಂಬ ಮೂವರು ಇದೇ ಎಣಿಕೆಯನ್ನು ಹಂತಹಂತವಾಗಿ ಬಹಳ ಆಳದವರೆಗೆ ಕೊಂಡೊಯ್ದರು. ಒಂದೊಂದು ಹಂತದಲ್ಲಿಯೂ ಮ್ಯೂಆನುಗಳ ಸಂಖ್ಯೆ ಇಳಿಯುತ್ತ ಬಂದಿತು. ಕೊನೆಗೆ ಸುಮಾರು 9,200 ಅಡಿಯ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರೂ ಮೇಲಿನಿಂದ ಒಂದು ಮ್ಯೂಆನೂ ಬರಲಿಲ್ಲ. 1964ರಲ್ಲಿ ಈ ಅಳತೆಗಳು ಪ್ರಕಟವಾದುವು.

ಸೊನ್ನೆಯ ಬೆಲೆ

ಎರಡು ತಿಂಗಳು ಕಾದು ಸೊನ್ನೆಯನ್ನು ಪಡೆದವನನ್ನು ಕಂಡು ಸಾಮಾನ್ಯರು ಮರುಕಪಡಬಹುದು. ಆದರೆ ಎಂ. ಜಿ. ಕೆ. ಮೆನನ್ ಮತ್ತು ಅವರ ಸಂಗಡಿಗರಿಗೆ ಆ ಸೊನ್ನೆಯೇ ದಾರಿ ತೋರಿಸಿತು. ಗದ್ದಲ ಅಡಗುವ ಆಳ ಯಾವುದೆಂದು ಈಗ ಗೊತ್ತಾಗಿತ್ತು. ನ್ಯೂಟ್ರಿನೊವಿನ ಪಿಸುಮಾತು ಇನ್ನು ಕೇಳಿಸಬಹುದು. ಟಾಟಾ ಸಂಸ್ಥೆ, ಜಪಾನಿನ ಒಸಾಕ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾನಿಲಯ ಈ ಮೂರೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 7,600 ಅಡಿಯ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದುವು. ಗೋಡೆಗಳಂತೆ ನೆಟ್ಟಗೆ ನಿಂತು, ಮಗ್ಗುಲಿನಿಂದ ಬರುವ ಕಣಗಳನ್ನು ಹಿಡಿಯುವಂತೆ ಅವುಗಳ ರಚನೆಯಿತ್ತು. ಏಕೆಂದರೆ ಆಕಾಶದ ಮ್ಯೂಆನುಗಳು ಮೇಲಿನಿಂದ ಬರುತ್ತವೆ. ಮಗ್ಗುಲಿನಿಂದ ಬರಬೇಕಾದರೆ ಅವು ಇನ್ನೂ ಎಷ್ಟೋ ಮೈಲಿ ಬಂಡೆಯನ್ನು ದಾಟಬೇಕು, ಅದು ಅವಕ್ಕೆ ಸಾಧ್ಯವಿಲ್ಲ. 1965ರಲ್ಲಿ ಈ ಉಪಕರಣಗಳಲ್ಲಿ ವಾಯುಮಂಡಲದ ನ್ಯೂಟ್ರಿನೊವಿನ ಗುರುತು ದೊರೆತು, ಅದೇ ಆಗಸ್ಟಿನಲ್ಲಿ ವರದಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ ರೈನ್ಸ್ ಎಂಬ ವಿಜ್ಞಾನಿಯ ತಂಡವೂ ಅದೇ ವರ್ಷ ಇದೇ ಫಲವನ್ನು ಕಂಡಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೆ ಈ ಪಾಠ ಮುಚ್ಚುವಂಥದಲ್ಲ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಮುಂಚಿನ ಎಣಿಕೆಯಲ್ಲಿ ನ್ಯೂಟ್ರಿನೊವನ್ನು ಯಾರೂ ಹುಡುಕಲಿಲ್ಲ. ಗದ್ದಲವನ್ನು ಮಾತ್ರ ಅಳೆದರು. ದೊಡ್ಡ ಪ್ರಶ್ನೆಯನ್ನು ಮುಟ್ಟದೆಯೇ ಅದಕ್ಕೆ ದಾರಿ ಮಾಡಿಕೊಟ್ಟರು.

ಸೊನ್ನೆಗೆ ಇನ್ನೂ ಒಂದು ಗುಣವುಂಟು, ಅದಕ್ಕೂ ಗಣಿತವಿದೆ. ಎರಡು ತಿಂಗಳಲ್ಲಿ ಒಂದೂ ಬರಲಿಲ್ಲವೆಂದ ಮಾತ್ರಕ್ಕೆ ಎಂದಿಗೂ ಬರುವುದಿಲ್ಲವೆಂದು ಹೇಳಕೂಡದು. ಸರಾಸರಿಯಲ್ಲಿ ಎರಡು ತಿಂಗಳಿಗೆ 3 ಬರತಕ್ಕ ಪಕ್ಷದಲ್ಲಿ, ಆಕಸ್ಮಿಕವಾಗಿ ಒಂದೂ ಬಾರದಿರುವ ಸಂಭವ ನೂರಕ್ಕೆ ಸುಮಾರು 5 ಮಾತ್ರ. ಆದುದರಿಂದ ಸೊನ್ನೆಯನ್ನು ಕಂಡವನು, ನೂರಕ್ಕೆ 95ರ ಭರವಸೆಯಿಂದ, ನಿಜವಾದ ಸರಾಸರಿ ಎರಡು ತಿಂಗಳಿಗೆ 3ಕ್ಕಿಂತ ಕಡಿಮೆಯೆಂದು ಹೇಳಬಹುದು. ಸೊನ್ನೆ ಬಂದಲ್ಲಿ 3 ಎಂದು ಓದಿಕೊಳ್ಳಬೇಕು ಎಂಬ ಈ ಸುಲಭ ಸೂತ್ರವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡುವುದು ಒಳ್ಳೆಯದು. ಇದು ಗಣಿಯೊಳಗೆ ಮಾತ್ರವಲ್ಲದೆ ಕಾಫಿತೋಟದಲ್ಲಿಯೂ ಉಪಯೋಗಕ್ಕೆ ಬರುವುದೆಂಬುದನ್ನು ಮುಂದೆ ನೋಡುತ್ತೇವೆ.

ಬೆಳಗೋಡಿನ ಒಂದು ಪ್ರಶ್ನೆ

ಎಲ್ಲರಿಗೂ ಕೋಲಾರದ ಗಣಿ ದೊರೆಯುವುದಿಲ್ಲ, ದೊರೆಯಬೇಕಾಗಿಯೂ ಇಲ್ಲ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಬೆಳಗೋಡಿನಂಥ ಊರಿನಲ್ಲಿ ನಿಂತು ನೋಡಿದರೆ ಕೇಳಬೇಕಾದ ಪ್ರಶ್ನೆಗಳು ಕಾಲಬುಡದಲ್ಲಿಯೇ ಬಿದ್ದಿವೆ. ಅವುಗಳಲ್ಲಿ ಒಂದನ್ನು ತೆಗೆದುಕೊಂಡು ಪೂರ್ವಪ್ರಯೋಗವನ್ನು ಹೂಡುವ ಕ್ರಮವನ್ನು ವಿವರಿಸೋಣ.

ಸಕಲೇಶಪುರ ಆಲೂರುಗಳ ಬೆಟ್ಟಸಾಲಿನಲ್ಲಿ ಕಾಫಿಯ ಮೊಗ್ಗು ಬೇಸಗೆಯ ಒಣಹವೆಯಲ್ಲಿ ಸುಪ್ತವಾಗಿದ್ದು, ಮಾರ್ಚಿ ಏಪ್ರಿಲ್ ತಿಂಗಳುಗಳ ಹೂಮಳೆಗೆ ಅರಳುತ್ತದೆ. ಮಳೆ ಸುಮಾರು ಒಂದು ಇಂಚಿನಷ್ಟಾದರೂ ಬಿದ್ದರೆ ಹೂವು ಚೆನ್ನಾಗಿ ಬರುತ್ತದೆ; ತೀರ ಕಡಿಮೆಯಾದರೆ ಕೆಡುತ್ತದೆ. ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಹೇಳುವ ರೂಢಿ ಇನ್ನೂ ಇದೆ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರು. ರಾತ್ರಿ ಮಳೆ ಬಂದ ಮರುದಿನ ಬೆಳಗ್ಗೆ ರೈಟರು ಮಳೆಮಾಪಕವನ್ನು ನೋಡಿ "70 ಸೆಂಟು" ಎನ್ನುತ್ತಾರೆ. ಸಾಲದ ನೀರನ್ನು ತುಂತುರು ಪೈಪುಗಳಿಂದ ಹಾಯಿಸಬೇಕೇ ಬೇಡವೇ ಎಂಬ ನಿರ್ಣಯ ಆ ಒಂದು ಅಂಕಿಯ ಮೇಲೆ ನಿಂತಿದೆ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರು. ಅದಕ್ಕೆ ತಗಲುವ ಎಣ್ಣೆಯ ಖರ್ಚನ್ನೂ ಬೇಸಗೆಯಲ್ಲಿ ಬತ್ತುತ್ತಿರುವ ಕೆರೆಯನ್ನೂ ನೆನೆದರೆ, ಎರಡು ಮೂರು ಎಕರೆಯ ಸಣ್ಣ ಬೆಳೆಗಾರನಿಗೆ ಈ ಅಂಕಿ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಆದರೆ ಮಳೆಮಾಪಕವು ನಿಲ್ಲುವುದು ಬಯಲಿನಲ್ಲಿ. ಕಾಫಿ ಗಿಡ ಬೆಳೆಯುವುದು ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ ಮೊದಲಾದ ಮರಗಳ ನೆರಳಿನಲ್ಲಿ. ಮಳೆಯ ಒಂದು ಭಾಗವನ್ನು ಎಲೆಗಳೇ ಹಿಡಿದಿಟ್ಟುಕೊಂಡು ಗಾಳಿಗೆ ಒಣಗಿಸಿಬಿಡುತ್ತವೆ. ಒಂದು ಭಾಗ ಕಾಂಡದ ಮೇಲೆ ಇಳಿಯುತ್ತದೆ. ಉಳಿದುದು ಗಿಡದ ಮೇಲೆ ಬೀಳುತ್ತದೆ. ಹಾಗಾದರೆ ಬಯಲಿನಲ್ಲಿ 70 ಸೆಂಟು ಬಿದ್ದಾಗ ನೆರಳಿನ ಗಿಡಕ್ಕೆ ಬಂದುದೆಷ್ಟು? ಎಂ.ಎಸ್‌ಸಿ. ಮುಗಿಸಿ ಸಂಶೋಧನೆಗೆ ತೊಡಗಿದ ತರುಣಿಯೊಬ್ಬಳು ಈ ಪ್ರಶ್ನೆಯನ್ನು ಎತ್ತಿಕೊಂಡಳೆಂದು ಭಾವಿಸೋಣ. ಹೂಮಳೆಗಳು ವರ್ಷಕ್ಕೆ ಕೆಲವೇ ಬಾರಿ ಬರುತ್ತವೆ. ಸಿದ್ಧತೆಯಿಲ್ಲದೆ ಒಂದು ಏಪ್ರಿಲನ್ನು ಕಳೆದುಕೊಂಡರೆ ಮುಂದಿನದಕ್ಕೆ ಹನ್ನೊಂದು ತಿಂಗಳು ಕಾಯಬೇಕು. ಮೂರು ವರ್ಷದ ವಿದ್ಯಾರ್ಥಿವೇತನದಲ್ಲಿ ಏಪ್ರಿಲುಗಳು ಮೂರೇ ಎಂಬುದನ್ನು ಮರೆಯಲಾಗದು.

ಏನನ್ನು ಪರೀಕ್ಷಿಸಬೇಕು?

ಮೊದಲನೆಯದು ಉಪಕರಣ. ಬಾಯಿಯ ಅಗಲ 200 ಚದರ ಸೆಂಟಿಮೀಟರಿರುವ, ಅಂದರೆ ಸುಮಾರು 16 ಸೆಂಟಿಮೀಟರು ವ್ಯಾಸದ ಆಲಿಕೆಯನ್ನು ಸೀಸೆಯ ಮೇಲೆ ಕೂರಿಸಿದರೆ ಮಳೆಮಾಪಕವಾಯಿತು. ಒಂದು ಮಿಲಿಮೀಟರು ಮಳೆಗೆ ಇದರಲ್ಲಿ 20 ಮಿಲಿಲೀಟರು ನೀರು ಕೂಡುತ್ತದೆ. ಲೀಟರಿನ ಸೀಸೆ 50 ಮಿಲಿಮೀಟರು ಮಳೆಗೆ ತುಂಬಿಬಿಡುತ್ತದೆ. ಹೂಮಳೆಗೆ ಇದು ಸಾಕಾದೀತು. ಜುಲೈ ತಿಂಗಳ ಮಳೆಗೆ ಒಂದೇ ದಿನದಲ್ಲಿ ಉಕ್ಕಿ ಹರಿದೀತು. ಪೂರ್ವಪ್ರಯೋಗವನ್ನು ಯಾವ ಕಾಲದಲ್ಲಿ ಮಾಡಿದೆವೋ ಆ ಕಾಲಕ್ಕೆ ಮಾತ್ರ ಅದರ ಸಾಕ್ಷ್ಯ ಸಲ್ಲುತ್ತದೆ ಎಂಬ ನಿಯಮ ಇದರಿಂದ ಸ್ಪಷ್ಟವಾಗುತ್ತದೆ. ಎಲ್ಲ ಮಾಪಕಗಳನ್ನೂ ಒಂದು ಮಳೆಗೆ ಬಯಲಿನಲ್ಲಿ ಅಕ್ಕಪಕ್ಕದಲ್ಲಿಟ್ಟು, ಅವೆಲ್ಲ ಒಂದೇ ಅಳತೆಯನ್ನು ಕೊಡುವುವೇ ಎಂದು ನೋಡುವುದೂ ಅವಶ್ಯ. ಹಾಗೆ ನೋಡದಿದ್ದರೆ, ಮರದ ಕೆಳಗೆ ಕಂಡ ವ್ಯತ್ಯಾಸ ಮರದ್ದೋ ಆಲಿಕೆಯದ್ದೋ ಎಂದು ಮುಂದೆ ಹೇಳುವುದು ಹೇಗೆ?

ಎರಡನೆಯದು ಸ್ಥಳ. ಕಾಲುದಾರಿಯ ಪಕ್ಕದಲ್ಲಿ ಮಾಪಕವಿಡುವುದು ಸುಲಭ; ಆದರೆ ದಾರಿಯ ಮೇಲೆ ಮರದ ಕೊಂಬೆಗಳನ್ನು ಕಡಿದಿರುತ್ತಾರೆ, ಅಲ್ಲಿ ಮಳೆ ಹೆಚ್ಚು ಬೀಳುತ್ತದೆ. ಆದುದರಿಂದ ತೋಟದ ನಕ್ಷೆಯಲ್ಲಿ ಚೌಕಗಳನ್ನು ಎಳೆದು, ಚೀಟಿಯೆತ್ತಿ ಜಾಗಗಳನ್ನು ಆರಿಸಬೇಕು. ಹೀಗೆ ಆರಿಸಿದ ಜಾಗಗಳಲ್ಲಿ ಎಷ್ಟಕ್ಕೆ ನಿಜವಾಗಿ ಹೋಗಿ ಬರಲು ಸಾಧ್ಯವೆಂಬುದನ್ನು ಪೂರ್ವಪ್ರಯೋಗವೇ ಹೇಳಬೇಕು.

ಮೂರನೆಯದು ಮನುಷ್ಯರು. ನಮ್ಮ ದೇಶದಲ್ಲಿ ಮಳೆಯನ್ನು ಅಳೆಯುವ ಗೊತ್ತಾದ ಹೊತ್ತು ಬೆಳಗ್ಗೆ 8 ಗಂಟೆ 30 ನಿಮಿಷ. ಅದೇ ಹೊತ್ತಿಗೆ ತೋಟದಲ್ಲಿ ಆಳುಗಳಿಗೆ ಕೆಲಸ ಹಂಚಬೇಕು. ರೈಟರಾಗಲಿ ಮೇಸ್ತ್ರಿಯಾಗಲಿ ಆ ಹೊತ್ತಿನಲ್ಲಿ ಹತ್ತು ಮಾಪಕಗಳನ್ನು ಸುತ್ತಿ ಬರಬಲ್ಲರೇ? ಇಬ್ಬರು ಒಂದೇ ಸೀಸೆಯನ್ನು ನೋಡಿದರೆ ಒಂದೇ ಅಂಕಿಯನ್ನು ಬರೆಯುವರೇ? ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದಿದೆ. ಈ ಸೀಮೆಯ ತೋಟಗಳಲ್ಲಿ ಕಾಡಾನೆಗಳು ತಿರುಗಾಡುತ್ತವೆ. ಮುಂಜಾನೆ ತೋಟಕ್ಕೆ ಹೋದವರು ಪ್ರಾಣ ಕಳೆದುಕೊಂಡಿರುವುದುಂಟು. ಆನೆ ಬಂದ ಸುದ್ದಿಯಿರುವ ದಿನ ಮಾಪಕವನ್ನು ಯಾರೂ ನೋಡಕೂಡದು ಎಂಬ ಕಟ್ಟಳೆಯನ್ನು ಮೊದಲೇ ಮಾಡಿ, ಹಾಗೆ ತಪ್ಪಿಹೋಗುವ ದಿನಗಳೆಷ್ಟೆಂದು ಲೆಕ್ಕವಿಡಬೇಕು. ಯಾವ ಅಂಕಿಯೂ ಒಬ್ಬ ಮನುಷ್ಯನ ಪ್ರಾಣಕ್ಕೆ ಸಮವಲ್ಲ. ತಪ್ಪಿದ ದಿನಗಳು ಬಹಳವಾದರೆ, ಬೆಳಗಿನ ಅಳತೆಯನ್ನು ಬಿಟ್ಟು ತಾನಾಗಿ ದಾಖಲೆ ಮಾಡಿಕೊಳ್ಳುವ ಮಾಪಕಗಳಿಗೆ ಹಣ ಕೇಳಬೇಕಾದೀತು. ಆಗ ಆ ಬೇಡಿಕೆಗೆ ಆಧಾರವೂ ಕೈಯಲ್ಲಿರುತ್ತದೆ.

ಇಲ್ಲಿಯೇ ನಮ್ಮ ಸೊನ್ನೆಯ ಸೂತ್ರ ಉಪಯೋಗಕ್ಕೆ ಬರುವುದು. ಮಾಪಕದ ಬಾಯಿಗೆ ಎಲೆ ಸಿಕ್ಕಿಕೊಳ್ಳುವುದು, ಸೀಸೆ ಉರುಳುವುದು ಮುಂತಾದ ತೊಂದರೆ ನೂರು ಸಲಕ್ಕೆ 10 ಸಲ ಆಗತಕ್ಕದ್ದೆಂದು ಇಟ್ಟುಕೊಳ್ಳೋಣ. 10 ಸಲ ಮಾತ್ರ ನೋಡಿದರೆ ಅದು ಒಮ್ಮೆಯೂ ಕಣ್ಣಿಗೆ ಬೀಳದಿರುವ ಸಂಭವ ನೂರಕ್ಕೆ 35; ಅಂದರೆ ಮೂರರಲ್ಲೊಂದು ಪಾಲಿಗೂ ಹೆಚ್ಚು. 29 ಸಲ ನೋಡಿದರೆ ಆ ಸಂಭವ ನೂರಕ್ಕೆ 5ಕ್ಕೆ ಇಳಿಯುತ್ತದೆ. 30 ಸಲ ನೋಡಿ ಒಂದು ತೊಂದರೆಯೂ ಕಾಣದಿದ್ದರೆ, ತೊಂದರೆಯಿಲ್ಲವೆಂದಲ್ಲ, ಅದು 30ಕ್ಕೆ 3ಕ್ಕಿಂತ, ಎಂದರೆ ನೂರಕ್ಕೆ 10ಕ್ಕಿಂತ ಕಡಿಮೆಯೆಂದು ಮಾತ್ರ ಹೇಳಬೇಕು. ಪೂರ್ವಪ್ರಯೋಗ ಎಷ್ಟು ದೊಡ್ಡದಾಗಿರಬೇಕು ಎಂಬ ಪ್ರಶ್ನೆಗೆ ಹೀಗೆ ಒಂದು ಉತ್ತರ ದೊರೆಯುತ್ತದೆ: ಯಾವ ತೊಂದರೆಯನ್ನು ಕಾಣದೆ ಬಿಟ್ಟರೆ ನಷ್ಟವೋ, ಅದು ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿರಬೇಕು.

ಹರವನ್ನು ಅಳೆಯುವುದು

ಕೋಲಾರದಲ್ಲಿ ಗದ್ದಲವನ್ನು ಅಳೆದಂತೆ ಬೆಳಗೋಡಿನಲ್ಲಿ ಅಳೆಯಬೇಕಾದ ಗದ್ದಲ ಯಾವುದು? ಜಾಗದಿಂದ ಜಾಗಕ್ಕೆ ಇರುವ ವ್ಯತ್ಯಾಸ. ಬಯಲಿನಲ್ಲಿ 20 ಮಿಲಿಮೀಟರು ಬಿದ್ದ ಒಂದು ಮಳೆಗೆ ಮರಗಳ ಕೆಳಗಿನ ಹತ್ತು ಮಾಪಕಗಳು 11, 19, 14, 8, 16, 22, 13, 9, 17, 11 ಮಿಲಿಮೀಟರು ತೋರಿಸಿದುವೆಂದು ಭಾವಿಸಿ. ಈ ಅಂಕಿಗಳು ಕೇವಲ ಉದಾಹರಣೆಗಾಗಿ. ಒಂದು ಮಾಪಕದಲ್ಲಿ ಬಯಲಿಗಿಂತ ಹೆಚ್ಚಾಗಿ 22 ಬಂದುದನ್ನು ಕಂಡು, ತಪ್ಪೆಂದು ಹೊಡೆದುಹಾಕುವ ಅವಸರ ಬೇಡ. ಅಗಲವಾದ ಎಲೆಗಳು ಸುತ್ತಲಿನ ನೀರನ್ನು ಕೂಡಿಸಿ ಒಂದೇ ಕಡೆ ತೊಟ್ಟಿಕ್ಕಿಸುವುದುಂಟು.

ಇವುಗಳ ಸರಾಸರಿ 14. ಅಂಕಿಗಳ ಹರವನ್ನು ತಿಳಿಸುವ ಮಾನಕ ವಿಚಲನೆ ಸುಮಾರು 4.5. ದೊಡ್ಡ ಪ್ರಯೋಗದಲ್ಲಿ ಸರಾಸರಿಯನ್ನು ಹೆಚ್ಚು ಕಡಿಮೆ 2 ಮಿಲಿಮೀಟರಿನೊಳಗೆ ತಿಳಿಯಬೇಕಾದರೆ ಎಷ್ಟು ಮಾಪಕಗಳು ಬೇಕು? ಮಾನಕ ವಿಚಲನೆಯ ಎರಡರಷ್ಟನ್ನು ಬೇಕಾದ ನಿಖರತೆಯಿಂದ ಭಾಗಿಸಿ, ಬಂದುದನ್ನು ವರ್ಗಮಾಡಿದರೆ ಉತ್ತರ ಸಿಕ್ಕುತ್ತದೆ. 9ನ್ನು 2ರಿಂದ ಭಾಗಿಸಿದರೆ 4.5, ಅದರ ವರ್ಗ ಸುಮಾರು 20. ಅದೇ 1 ಮಿಲಿಮೀಟರಿನ ನಿಖರತೆ ಬೇಕೆಂದರೆ 81 ಮಾಪಕಗಳು! ನಿಖರತೆಯನ್ನು ಇಮ್ಮಡಿಸಲು ಶ್ರಮವನ್ನು ನಾಲ್ಮಡಿಸಬೇಕು. ಈ ಬೆಲೆಯನ್ನು ತೆರಬಲ್ಲೆವೇ ಎಂಬುದನ್ನು ಮುಂಗಾರಿಗೆ ಮುಂಚೆ ತಿಳಿಯುವುದು ಮೇಲೋ, ಮೂರು ವರ್ಷ ಕಳೆದ ಮೇಲೆ ತಿಳಿಯುವುದು ಮೇಲೋ?

ಇನ್ನೊಂದು ಸೂಕ್ಷ್ಮವಿದೆ. 4.5 ಎಂಬುದೂ ಹತ್ತೇ ಅಂಕಿಗಳಿಂದ ಬಂದುದು, ಅದೂ ಗಟ್ಟಿಯಲ್ಲ. ಸಂಖ್ಯಾಶಾಸ್ತ್ರದ ಪ್ರಕಾರ ನಿಜವಾದ ಹರವು 3.1ರಿಂದ 8.2ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಆದುದರಿಂದ ಎಚ್ಚರಿಕೆಯುಳ್ಳವರು 4.5ರ ಬದಲು 6 ಎಂದು ಹಿಡಿದು, 36 ಮಾಪಕಗಳಿಗೆ ಸಿದ್ಧರಾಗುತ್ತಾರೆ. ಅಷ್ಟು ಮಾಪಕಗಳಿಲ್ಲದಿದ್ದರೆ, ಇರುವ ಕೆಲವನ್ನೇ ಪ್ರತಿ ಮಳೆಯ ನಂತರ ಚೀಟಿಯೆತ್ತಿ ಬೇರೆ ಜಾಗಗಳಿಗೆ ಬದಲಾಯಿಸುತ್ತ, ಹಲವು ಮಳೆಗಳ ಮೊತ್ತದಿಂದ ಸರಾಸರಿಯನ್ನು ಪಡೆಯುವ ಉಪಾಯವೂ ಉಂಟು.

ಒಂದು ದೊಡ್ಡ ಆಮಿಷ

ಹತ್ತು ಮಾಪಕಗಳ ಸರಾಸರಿ 14, ಬಯಲಿನಲ್ಲಿ 20. ಆದುದರಿಂದ ನೆರಳಿನ ಕಾಫಿಗೆ ನೂರಕ್ಕೆ 70 ಭಾಗ ಮಳೆ ಬರುತ್ತದೆ ಎಂದು ಬರೆದುಬಿಡುವ ಆಮಿಷ ಈಗ ಎದುರಾಗುತ್ತದೆ. ಕೆಲಸಕ್ಕೆ ಹೊಸಬರಾದವರಿಗೆ ಏನಾದರೊಂದು ಫಲ ತೋರಿಸಬೇಕೆಂಬ ಆತುರ ಸಹಜ. ಆದರೆ ಒಂದು ಮಳೆ, ಹತ್ತು ಜಾಗ, ಒಂದು ತೋಟ ಇಷ್ಟರಿಂದ ಬಂದ ಅಂಕಿಯನ್ನು ನಂಬಿ ಬೆಳೆಗಾರನೊಬ್ಬ ನೀರು ಹಾಯಿಸಿದರೆ ಅಥವಾ ಹಾಯಿಸದೆ ಬಿಟ್ಟರೆ, ನಷ್ಟ ಅವನಿಗೆ.

ಸಣ್ಣ ಪ್ರಯೋಗದ ದೊಡ್ಡ ಫಲ ಹೇಗೆ ಮೋಸಮಾಡುತ್ತದೆಂಬುದನ್ನು ತರಗತಿಯಲ್ಲಿಯೇ ತೋರಿಸಬಹುದು. ಮೋಸವಿಲ್ಲದ ನಾಣ್ಯವೊಂದನ್ನು ಒಬ್ಬ ವಿದ್ಯಾರ್ಥಿ ಹತ್ತು ಸಲ ಚಿಮ್ಮಲಿ. ಏಳು ಅಥವಾ ಅದಕ್ಕೂ ಹೆಚ್ಚು ಸಲ ತಲೆಯೇ ಮೇಲಾಗುವ ಸಂಭವ 1,024ಕ್ಕೆ 176, ಅಂದರೆ ನೂರಕ್ಕೆ ಸುಮಾರು 17. ಇಪ್ಪತ್ತು ವಿದ್ಯಾರ್ಥಿಗಳು ಚಿಮ್ಮಿದರೆ ಮೂರು ನಾಲ್ಕು ಮಂದಿಗೆ ಹೀಗಾಗುವುದು ಸಹಜವೇ. ಉಳಿದವರು ಸುಮ್ಮನಿದ್ದು, ಈ ಮೂರು ನಾಲ್ಕು ಮಂದಿ ಮಾತ್ರ ತಮ್ಮ ನಾಣ್ಯ ವಿಚಿತ್ರವಾದುದೆಂದು ವರದಿ ಬರೆದರೆ, ಓದುವವರು ವಿಚಿತ್ರ ನಾಣ್ಯಗಳಿವೆಯೆಂದೇ ನಂಬುತ್ತಾರೆ. ಫಲ ದೊಡ್ಡದಾಗಿ ಕಂಡಾಗ ಮಾತ್ರ ಮುಂದುವರಿಯುವ, ಕಾಣದಿದ್ದಾಗ ಮರೆತುಬಿಡುವ ಪೂರ್ವಪ್ರಯೋಗಗಳ ಕಥೆಯೂ ಇದೇ. ಆದಕಾರಣ ಪೂರ್ವಪ್ರಯೋಗದಿಂದ ಹರವನ್ನು ತೆಗೆದುಕೊಳ್ಳಬೇಕು, ತೊಂದರೆಗಳ ಪಟ್ಟಿಯನ್ನು ತೆಗೆದುಕೊಳ್ಳಬೇಕು. ಫಲವನ್ನು ಮಾತ್ರ ತೆಗೆದುಕೊಳ್ಳಕೂಡದು. ಎಷ್ಟು ವ್ಯತ್ಯಾಸ ಬೆಳೆಗಾರನಿಗೆ ಮುಖ್ಯವೆಂಬುದನ್ನು ಬೆಳೆಗಾರನನ್ನೇ ಕೇಳಿ ನಿಶ್ಚಯಿಸಬೇಕೇ ಹೊರತು ಹತ್ತು ಸೀಸೆಗಳನ್ನಲ್ಲ.

ಮುಂಚಿತವಾಗಿ ಬರೆದಿಡುವುದು

ಈ ಆಮಿಷಕ್ಕೆ ಒಂದೇ ಮದ್ದು: ಮೊದಲ ಹನಿ ಬೀಳುವ ಮುಂಚೆಯೇ ನಿಬಂಧನೆಗಳನ್ನು ಪುಸ್ತಕದಲ್ಲಿ ಬರೆದು, ದಿನಾಂಕ ಹಾಕಿಡುವುದು. ಮಾದರಿಗೆ ಹೀಗೆ ಬರೆಯಬಹುದು. ನೋಡಬೇಕಾಗಿದ್ದ ಅಳತೆಗಳಲ್ಲಿ ನೂರಕ್ಕೆ 90 ಹೊತ್ತಿಗೆ ಸರಿಯಾಗಿ ದೊರೆತರೆ ಇದ್ದಂತೆಯೇ ಮುಂದುವರಿಯುವುದು; 70ರಿಂದ 90ರೊಳಗಿದ್ದರೆ ಕಾರಣವನ್ನು ಹುಡುಕಿ, ವಿಧಾನವನ್ನು ತಿದ್ದಿ ಮುಂದುವರಿಯುವುದು; 70ಕ್ಕೂ ಕಡಿಮೆಯಾದರೆ ನಿಲ್ಲಿಸುವುದು. ಒಂದೇ ಸೀಸೆಯನ್ನು ನೋಡಿದ ಇಬ್ಬರ ಅಂಕಿಗಳಲ್ಲಿ 1 ಮಿಲಿಮೀಟರಿಗಿಂತ ಹೆಚ್ಚು ಭೇದ ಬಂದರೆ ಅಳತೆಯ ಪಾತ್ರೆಯನ್ನು ಬದಲಾಯಿಸುವುದು. ಬೇಕಾಗುವ ಮಾಪಕಗಳು 50ನ್ನು ಮೀರಿದರೆ ಪ್ರಶ್ನೆಯನ್ನೇ ಚಿಕ್ಕದು ಮಾಡುವುದು. ಎಲ್ಲ ಮರಗಳನ್ನೂ ಬಿಟ್ಟು ಸಿಲ್ವರ್ ಓಕ್ ಒಂದನ್ನೇ ತೆಗೆದುಕೊಳ್ಳುವುದು. ಅಂಕಿಗಳು ಬೇರೆಯಾಗಬಹುದು, ಅವನ್ನು ಮುಂಚಿತವಾಗಿ ಬರೆದಿಡುವ ನಿಯಮ ಬೇರೆಯಾಗಕೂಡದು. ಫಲವನ್ನು ಕಂಡ ಮೇಲೆ ಬರೆದ ನಿಬಂಧನೆ, ಬಾಣ ಬಿಟ್ಟ ಮೇಲೆ ಅದು ನಾಟಿದ ಕಡೆ ಗುರಿಯನ್ನು ಬರೆದಂತೆ.

ನಿಲ್ಲಿಸುವುದೆಂಬ ಮಾತನ್ನು ಕೇಳಿ ತರುಣರು ಹೆದರಬಾರದು. ಆರು ವಾರದಲ್ಲಿ, ಹತ್ತು ಸೀಸೆಗಳ ಖರ್ಚಿನಲ್ಲಿ, ಈ ದಾರಿ ಮುಂದಕ್ಕೆ ಹೋಗುವುದಿಲ್ಲವೆಂದು ತಿಳಿದವರು ಮೂರು ವರ್ಷವನ್ನು ಉಳಿಸಿಕೊಂಡಿದ್ದಾರೆ. ಅದನ್ನು ಬರೆದು ಪ್ರಕಟಿಸಿದರೆ ಬೇರೆಯವರ ಮೂರು ವರ್ಷವನ್ನೂ ಉಳಿಸುತ್ತಾರೆ. ಮುಂದುವರಿದರೆ, ಪೂರ್ವಪ್ರಯೋಗದ ಅಂಕಿಗಳನ್ನು ದೊಡ್ಡ ಪ್ರಯೋಗದ ಅಂಕಿಗಳೊಡನೆ ಕಲಸಕೂಡದು. ವಿಧಾನವನ್ನು ತಿದ್ದಿದ ಮೇಲೆ ಅವೆರಡೂ ಒಂದೇ ಪಾತ್ರೆಯ ಅನ್ನವಲ್ಲ.

ತೋಟದವರಿಗೂ ಒಂದು ಋಣ ಸಲ್ಲಬೇಕು. ಅವರ ನೆಲದಲ್ಲಿ, ಅವರ ಹೊತ್ತಿನಲ್ಲಿ ನಡೆದ ಕೆಲಸದಿಂದ ಏನು ತಿಳಿಯಿತು, ಏನು ಇನ್ನೂ ತಿಳಿಯಲಿಲ್ಲ ಎಂಬುದನ್ನು ಅವರ ಮುಂದೆ ಕುಳಿತು ಅವರ ಇಂಚು ಸೆಂಟುಗಳಲ್ಲಿಯೇ ಹೇಳಬೇಕು. ಇನ್ನೂ ತಿಳಿಯಲಿಲ್ಲವೆಂದು ಸಂಕೋಚವಿಲ್ಲದೆ ಹೇಳಬಲ್ಲವರನ್ನು ತೋಟದವರು ಮುಂದಿನ ವರ್ಷವೂ ಒಳಗೆ ಬಿಡುತ್ತಾರೆ. ಹೂಮಳೆಯ ಕಾಲ ಮಾರ್ಚಿಯಲ್ಲಿ ಆರಂಭವಾಗುತ್ತದೆ. ಆಲಿಕೆ, ಸೀಸೆ, ಚೀಟಿ, ಪುಸ್ತಕಗಳನ್ನು ಸಿದ್ಧಮಾಡಿಕೊಳ್ಳುವವರು ಕುಯ್ಲು ಮುಗಿದು ರೈಟರಿಗೆ ಸ್ವಲ್ಪ ಬಿಡುವಾಗುವ ಫೆಬ್ರುವರಿಯಲ್ಲಿಯೇ ತೋಟಕ್ಕೆ ಹೋಗಿ ಮಾತಾಡುವುದು ಒಳ್ಳೆಯದು.